ಹುಲಿಕಲ್ ನೆತ್ತಿಯಲ್ಲಿ ಜಟ್ಟಪ್ಪನ ಮುಂದಿನ ಚಕ್ರ

ಜಟ್ಟಪ್ಪನ ಮುತ್ತಜ್ಜ ಜಟ್ಟಿಂಗಪ್ಪ ಕುಂದಾಪುರದ ಕಡೆಯಿಂದ ಉಪ್ಪು, ಒಣಮೀನು ಹೇರಿಕೊಂಡು ಹುಲಿಕಲ್ ಘಟ್ಟ ಹತ್ತುತ್ತಿದ್ದ ಗಾಡಿಯವನು. ಇಳಿಯುವಾಗ ಗಾಡಿಯ ಹಿಂದೆ ಮರದ ದಿಮ್ಮಿ ಕಟ್ಟಿ ಎಳೆಸಿ ಎತ್ತುಗಳ ಕುತ್ತಿಗೆ ಉಳಿಸುತ್ತಿದ್ದ. ಒಮ್ಮೆ ಹಗ್ಗ ಹರಿದಾಗ ತಾನೇ ಚಕ್ರಕ್ಕೆ ಹೆಗಲು ಕೊಟ್ಟು ನಿಲ್ಲಿಸಿದ; ಆಮೇಲೆ ಸಾಯುವ ತನಕ ಒಂದು ಭುಜ ಇಳಿಬಿಟ್ಟುಕೊಂಡೇ ನಡೆದ. ಅಜ್ಜ ಚೌಡಪ್ಪ ಗೇಣಿಗೆ ಉತ್ತ ಗದ್ದೆಗೇ ಒಡೆಯನಾದ ಮೇಲೂ ಗಾಡಿ ಬಿಡಲಿಲ್ಲ. ಅಪ್ಪ ಗೋಪಾಲಪ್ಪ ಕಾಡಿನ ಮರ ಸಾಗಿಸುವ ನಾಟಾ ಲಾರಿ ಹಿಡಿದ. ಬ್ರೇಕು ಕೈಕೊಟ್ಟ ಲಾರಿಯನ್ನು ಗೇರಿನಲ್ಲೇ ತಡೆದು, ರಸ್ತೆ ಪಕ್ಕದ ಮಣ್ಣಿನ ಧರೆಗೆ ಒರೆಸಿ ಒರೆಸಿ ಕೆಳಗೆ ತಂದು ನಿಲ್ಲಿಸಿ, ಇಳಿದು ನಿಧಾನಕ್ಕೆ ಎಲೆಅಡಿಕೆ ಹಾಕಿದನಂತೆ.

ಈ ಮೂವರಿಂದ ಜಟ್ಟಪ್ಪನಿಗೆ ಬಂದದ್ದು ಎರಡು. ಘಟ್ಟದ ನೆತ್ತಿಗೆ ಬಂದ ಗಾಡಿಯನ್ನು ಆ ಮನೆಯವರು ಹಿಂದಕ್ಕೆ ತಿರುಗಿಸಿದ್ದಿಲ್ಲ ಎಂಬ ಹೆಸರು ಒಂದು. ಚಕ್ರ ಒಂದು ಮಗ್ಗುಲು ಸವೆದರೆ ಮಗುಚಿ ಹಾಕು ಎಂಬ ಮಾತು ಇನ್ನೊಂದು. ಎತ್ತಿನ ಗಾಡಿಯ ಕಾಲದ ಮಾತು ಅದು. ಚಕ್ರದ ಕಬ್ಬಿಣದ ಪಟ್ಟಿ ಒಂದು ಅಂಚಿನಲ್ಲಿ ತೆಳುವಾದರೆ ಚಕ್ರವನ್ನೇ ಮಗುಚಿ ಅಚ್ಚಿಗೆ ಏರಿಸುತ್ತಿದ್ದರು. ಎರಡು ಅಂಚೂ ಸಮನಾಗಿ ಸವೆದು ಪಟ್ಟಿ ಬಾಳಿಕೆ ಬರುತ್ತಿತ್ತು.

ಜಟ್ಟಪ್ಪನದು ನಗರ ಎಂಬ ಊರಿನ ಪೇಟೆಯಲ್ಲಿ ನಿಲ್ಲುವ ಬಾಡಿಗೆ ಕಾರು. ತಲೆ ಪೂರ್ತಿ ಬೆಳ್ಳಗಾಗಿದ್ದರೂ ಕೈ ನಡುಗದ ಡ್ರೈವರು. ಟೈರಿನ ವಿಷಯ ಬಂದರೆ ಸ್ಟ್ಯಾಂಡಿನಲ್ಲಿ ಅವನದೇ ಪಂಚಾಯ್ತಿ. “ನಡು ಸವೆದ್ರೆ ಗಾಳಿ ಹೆಚ್ಚು. ಎರಡೂ ಅಂಚು ಸವೆದ್ರೆ ಗಾಳಿ ಕಮ್ಮಿ. ಒಂದೇ ಅಂಚು ಸವೆದ್ರೆ ಚಕ್ರ ಸೊಟ್ಟ ನಿಂತದೆ ಅಂತ” ಎಂದು ಕಂಡಕಂಡವರ ಕಾರು ಬಗ್ಗಿ ನೋಡಿ ಹೇಳುವನು. ಗೀರುಗಳ ತಳದಲ್ಲಿರುವ ರಬ್ಬರ್ ಗಂಟಿನ ಮಟ್ಟಕ್ಕೆ ಮೇಲ್ಮೈ ಬಂತೆಂದರೆ ಟೈರಿನ ಋಣ ತೀರಿತೆಂದು ಎಷ್ಟೋ ಜನರಿಂದ ಹೊಸ ಟೈರು ಹಾಕಿಸಿದ್ದ.

ಮಳೆಗಾಲದ ಮೊದಲು ತುಮರಿಗೆ ಬಾಡಿಗೆ ಹೋಗಿ ಬರುವಾಗ ಅವನ ಕಾರಿನ ಮುಂಗಾಲು ಒಂದು ಗುಂಡಿಗೆ ಧಡಕ್ಕೆಂದು ಬಿತ್ತು. ಅಲ್ಲಿಂದ ಸ್ಟೇರಿಂಗು ಎಡಕ್ಕೆ ಎಳೆಯತೊಡಗಿತು. ಸ್ವಲ್ಪ ದಿನಕ್ಕೆ ಮುಂದಿನ ಎರಡು ಟೈರಿನ ಒಳ ಅಂಚೂ ತಿಂದುಹೋದಂತೆ ಕಂಡಿತು. ಪಂಕ್ಚರ್ ಅಂಗಡಿಯವನು, “ಸಾಗರಕ್ಕೆ ಹೋಗಿ ಅಲೈನ್‌ಮೆಂಟ್ ಮಾಡ್ಸಿ ಜಟ್ಟಪ್ಪಣ್ಣ, ಕಂಪ್ಯೂಟರ್ ಅದೆ ಅಲ್ಲಿ” ಎಂದ.

“ನನ್ನ ಕೈಗೆ ಗೊತ್ತಾಗದ್ದು ಕಂಪ್ಯೂಟ್ರಿಗೆ ಗೊತ್ತಾಗ್ತದಾ? ಟೈರ್ ಬಿಚ್ಚು, ಮಗುಚಿ ಹಾಕು” ಎಂದ ಜಟ್ಟಪ್ಪ.

ಸವೆದ ಅಂಚು ಹೊರಗೆ ಬಂತು, ಚೆನ್ನಾಗಿದ್ದ ಅಂಚು ಒಳಗೆ ಹೋಯಿತು. ಆಮೇಲೆ ದಿನಾ ಬೆಳಿಗ್ಗೆ ಹೊರಗಿನ ಅಂಚು ನೋಡುವನು. ಅದು ಒಂದು ಕೂದಲೆಳೆಯೂ ಹೆಚ್ಚು ಸವೆದಿರಲಿಲ್ಲ. ರೋಗ ನಿಂತಿತೆಂದು ಬೀಗಿದ. ಸೊಟ್ಟ ನಿಂತ ಚಕ್ರ ಒಳಮಗ್ಗುಲನ್ನೇ ತಿನ್ನುವುದು ಬಿಟ್ಟಿಲ್ಲ, ಈಗ ಒಳಗೆ ಹೋದ ಹೊಸ ಅಂಚನ್ನು ತಿನ್ನುತ್ತಿದೆ ಎಂಬುದು ಅವನ ತಲೆಗೇ ಹೋಗಲಿಲ್ಲ.

ಶೇಷಮ್ಮ ಅವನ ಊರಿನವಳೇ, ಗದ್ದೆ ಬೇಲಿಯ ಆಚೆಯವಳು. ಎರಡೂ ಕಿಡ್ನಿ ಹೋಗಿ, ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದಳು. ಹಿಂದಿನ ಸರದಿ ಜ್ವರದಿಂದ ತಪ್ಪಿತ್ತು. ಕಾಲು ಕುಂಬಳಕಾಯಿಯಾಗಿತ್ತು, ನಾಲ್ಕು ಮಾತಿಗೊಮ್ಮೆ ಏದುಸಿರು. ಇವತ್ತೂ ತಪ್ಪಿದರೆ ಜೀವಕ್ಕೇ ಮುಳುವು ಎಂದು ಡಾಕ್ಟರು ಫೋನಿನಲ್ಲಿ ಹೇಳಿದ್ದರು. ಮೊಮ್ಮಗಳು ಸುಪ್ರಿಯಾಳನ್ನು ಜೊತೆಗೆ ಕೂರಿಸಿಕೊಂಡು ಜಟ್ಟಪ್ಪನ ಕಾರಿನಲ್ಲಿ ಬೆಳಗಿನ ಮಂಜಿನಲ್ಲೇ ಹೊರಟರು.

ಮಾಸ್ತಿಕಟ್ಟೆ ದಾಟುವಾಗ ಕಾರಿನ ತಳದಿಂದ ಗೂಂ ಎಂಬ ಸದ್ದು ಎದ್ದಿತು.

“ಜಟ್ಟಪ್ಪ, ನಿನ್ ಕಾರು ಎಂತ ಗೊಣಗ್ತದೆ?” ಶೇಷಮ್ಮ ಉಸಿರು ಎಳೆದುಕೊಳ್ಳುತ್ತ ಕೇಳಿದಳು. “ನಮ್ಮನೆಯೋರು ಬದುಕಿದ್ದಾಗ ಗೊರಕೆ ಹೊಡೀತಿದ್ದದ್ದು ಹೀಂಗೇಯ.”

“ರಸ್ತೆ ಸರಿ ಇಲ್ಲ ಶೇಷಕ್ಕ.”

“ರಸ್ತೆ ಮೊನ್ನೆ ಟಾರ್ ಹಾಕಿದ್ದು ಮಾರಾಯ.”

ಜಟ್ಟಪ್ಪ ವೇಗ ಇಳಿಸಿದ. ಸ್ಟೇರಿಂಗು ಅಂಗೈಯಲ್ಲಿ ಜ್ವರ ಬಂದ ಕರುವಿನಂತೆ ನಡುಗುತ್ತಿತ್ತು.

ಘಟ್ಟ ಇಳಿಯುವ ಮುಂಚೆ ಹುಲಿಕಲ್ಲಿನ ದೇವಿಗುಡಿಯ ಎದುರು ಗಾಡಿ ನಿಲ್ಲಿಸಿ ಕೈಮುಗಿಯದ ಡ್ರೈವರಿಲ್ಲ. ಜಟ್ಟಪ್ಪನೂ ಸ್ಟೇರಿಂಗನ್ನು ಪೂರ್ತಿ ತಿರುವಿ ಪಕ್ಕಕ್ಕೆ ಹಾಕಿ ಇಳಿದ. ಕೈಮುಗಿದು ಬರುವಾಗ, ಓರೆಯಾಗಿ ನಿಂತ ಮುಂದಿನ ಚಕ್ರದ ಒಳಮಗ್ಗುಲು ಕಣ್ಣಿಗೆ ಬಿತ್ತು. ಕೆಸರು ಮೆತ್ತಿತ್ತು. ಬಗ್ಗಿ ಅಂಗೈಯಿಂದ ಒರೆಸಿದ. ಚುಚ್ಚಿತು. ಕೈ ಎಳೆದು ನೋಡಿದರೆ ಬೆರಳಿನಲ್ಲಿ ರಕ್ತ. ಅಂಚಿನಲ್ಲಿ ರಬ್ಬರೇ ಇರಲಿಲ್ಲ. ಉಕ್ಕಿನ ತಂತಿಗಳು ಹರಿದ ಕಂಬಳಿಯ ನೂಲಿನಂತೆ ಹೊರಗೆ ಇಣುಕುತ್ತಿದ್ದವು.

ಇನ್ನೊಂದು ಮಗ್ಗುಲಿಗೆ ಹೋದ. ಅಲ್ಲೂ ಅದೇ ಗತಿ. ಡಿಕ್ಕಿ ತೆಗೆದು ಸ್ಟೆಪ್ನಿ ಎಳೆದ. ಗೀರು ಹೊಸದರ ಹಾಗೇ ಇತ್ತು, ಆದರೆ ಮೈಯೆಲ್ಲ ಬೇಸಿಗೆಯ ಗದ್ದೆಯಂತೆ ಬಿರುಕು. ತಯಾರಾದ ವಾರ, ವರ್ಷ ಹೇಳುವ ಅಂಕಿ ನೋಡಿದ. ಓಡದೆ ಬಿದ್ದಲ್ಲೇ ಮುದಿಯಾದ ಟೈರು. ಅದು ಗಟ್ಟಿ ಇದ್ದಿದ್ದರೂ ಒಂದು ಚಕ್ರಕ್ಕಾಯಿತು, ಎರಡನೆಯದಕ್ಕೆ?

“ಎಂತ ಆತು ಮಾಮ?” ಸುಪ್ರಿಯಾ ಕಿಟಕಿಯಿಂದ ತಲೆ ಹಾಕಿದಳು.

“ಎಂತದೂ ಇಲ್ಲ. ಗಾಳಿ ನೋಡ್ದೆ.”

ರಕ್ತದ ಬೆರಳನ್ನು ಪಂಚೆಗೆ ಒರೆಸಿಕೊಂಡು ಕೂತ. ಮೊದಲನೇ ಗೇರಿನಲ್ಲಿ ತೆವಳಿಸಿಕೊಂಡು ಇಳಿದರೆ ಆಗುತ್ತದೆ, ಅಪ್ಪ ಬ್ರೇಕಿಲ್ಲದೆ ಇಳಿಸಲಿಲ್ಲವೇ ಎಂದಿತು ಮನಸ್ಸು. ಹಿಂದೆ ಶೇಷಮ್ಮನ ಉಸಿರು ತೂತು ಬಿದ್ದ ಕಮ್ಮಾರನ ತಿದಿಯಂತೆ ಸುಂಯ್ ಎನ್ನುತ್ತಿತ್ತು. ಹೊತ್ತು ಕಳೆದರೆ ಅವಳಿಗೆ ಕೇಡು. ಇಳಿದರೆ? ಕಾರನ್ನು ರಸ್ತೆಗೆ ಬಿಟ್ಟ.

ಮಂಜು ಕಾರಿನ ಮೂಗಿನವರೆಗೂ ಬಂದಿತ್ತು. ಇಳಿಜಾರು ಶುರುವಾಗುತ್ತಲೇ ಕಾರಿನ ಭಾರವೆಲ್ಲ ಮುಂದಿನ ಚಕ್ರಗಳ ಮೇಲೆ ಬಿತ್ತು. ಗೂಂ ಎನ್ನುತ್ತಿದ್ದದ್ದು ಟಪ ಟಪ ಎನ್ನತೊಡಗಿತು. ಮುಂದೆ ಮೊದಲ ತಿರುವು. ಎಡಕ್ಕೆ ತಡೆಗೋಡೆ, ಅದರಾಚೆ ಮಂಜು ಮಾತ್ರ. ಅಪ್ಪನ ಲಾರಿಯಲ್ಲಿ ಇದ್ದದ್ದು ನಾಟಾ. ಈ ಮಾತು ಎಲ್ಲಿಂದ ಹೊಳೆಯಿತೋ, ಜಟ್ಟಪ್ಪನ ಕಾಲು ಬ್ರೇಕಿನ ಮೇಲೆ ಮೆಲ್ಲಗೆ ಊರಿತು. ಕಾರು ನಿಂತಿತು.

“ಶೇಷಕ್ಕ, ಸುಳ್ಳು ಹೇಳ್ದೆ. ಎರಡೂ ಟೈರಿಂದ ತಂತಿ ಹೊರಗೆ ಬಂದದೆ. ಈ ಕಾರಲ್ಲಿ ಇಳಿಯೂಕೆ ಆಗಲ್ಲ.”

ಶೇಷಮ್ಮ ಮುಂದಿನ ಸೀಟು ಹಿಡಿದು ಬಗ್ಗಿದಳು. “ಹಂಗಾದ್ರೆ ತಿರುಗ್ಸು. ನಂಗೆ ಸಾಯೂದಾದ್ರೆ ಆಸ್ಪತ್ರೆ ಮಂಚನೇ ಸಾಕು, ಹೊಂಡ ಬ್ಯಾಡ.”

ಅವನು ತಿರುಗಿಸಿದ. ಆ ಇಕ್ಕಟ್ಟಿನ ರಸ್ತೆಯಲ್ಲಿ ಹಿಂದೆ ಮುಂದೆ ಮಾಡಿ, ಒಂದೊಂದು ಅಂಗುಲವೂ ಎದೆಯ ಮೇಲೆ ಹಾದಂತೆ. ಗುಡಿಯ ಎದುರಿಗೆ ಬಂದು ನಿಲ್ಲಿಸಿದವನೇ ರಸ್ತೆಯ ನಡುವೆ ಹೋಗಿ ನಿಂತ. ಕುಂದಾಪುರಕ್ಕೆ ಇಳಿಯುವ ಬಸ್ಸು ಬರುವ ಹೊತ್ತು. ಬರುತ್ತದೋ, ಮುಂಚೆಯೇ ಹೋಯಿತೋ? ಗುಡಿ ಪಕ್ಕದ ಚಾ ಅಂಗಡಿಯವನು ಬಸ್ಸು ಇನ್ನೂ ಬಂದಿಲ್ಲವೆಂದ. ಸುಪ್ರಿಯಾ ಅಜ್ಜಿಯ ಬೆನ್ನು ನೀವುತ್ತಿದ್ದಳು. ಶೇಷಮ್ಮನ ತುಟಿ ನೀಲಿಗಟ್ಟಿದ್ದು ಕಂಡು ಜಟ್ಟಪ್ಪ ದೇವಿಯ ಕಡೆ ನೋಡಲೂ ಹೆದರಿದ.

ಕಡೆಗೆ ಮಂಜಿನೊಳಗೆ ಎರಡು ಹಳದಿ ದೀಪ ಮೂಡಿದವು. ಕೈ ಅಗಲಿಸಿ ಅಡ್ಡ ನಿಂತ.

ಕಂಡಕ್ಟರು ಬಾಗಿಲಲ್ಲೇ ನಕ್ಕ. “ಎಂತ ಜಟ್ಟಪ್ಪಣ್ಣ, ನಿಮ್ಮನೆಯೋರೂ ಘಟ್ಟದ ಬಾಯಲ್ಲಿ ಜನ ಇಳಿಸೂಕೆ ಶುರು ಮಾಡಿದ್ರಾ?”

“ಹೌದು ಮಾರಾಯ, ಇಳಿಸ್ದೆ. ಟೈರ್ ಸವೆದದೆ, ತಪ್ಪು ನಂದೇ. ಬೇಕಾದ್ರೆ ಊರೂರಿಗೆ ಸಾರ್ಕಂಡು ಹೋಗು. ಮೊದ್ಲು ಮುಂದಿನ ಸೀಟು ಬಿಡ್ಸು, ಇವ್ರಿಗೆ ಡಯಾಲಿಸಿಸ್ ಅದೆ.”

ಕಂಡಕ್ಟರನ ನಗು ಆರಿತು. ತಾನೇ ಇಳಿದು ಬಂದು ಶೇಷಮ್ಮನ ಇನ್ನೊಂದು ರಟ್ಟೆ ಹಿಡಿದ. ಆಸ್ಪತ್ರೆಯ ಬಾಗಿಲಿಗೇ ನಿಲ್ಲಿಸುತ್ತೇನೆಂದು ಡ್ರೈವರು ಕೂಗಿದ.

ಬಸ್ಸು ಹೋದ ಮೇಲೆ ಜಟ್ಟಪ್ಪ ಚಾ ಅಂಗಡಿಯ ಬೆಂಚಿನಲ್ಲಿ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಚಾ ತಣ್ಣಗಾಯಿತು. ಅಂಗಡಿಯವನು ಇನ್ನೊಂದು ಮಾಡಿಕೊಟ್ಟ, ಅದೂ ತಣ್ಣಗಾಯಿತು. ಮಂಜು ಕರಗಿ ಕೊಳ್ಳದ ತಳ ಕಾಣತೊಡಗಿದಾಗ ಫೋನು ಹೊಡೆದುಕೊಂಡಿತು.

“ಮಾಮ, ಮಷಿನಿಗೆ ಹಾಕಿದ್ರು. ಸ್ವಲ್ಪ ಲೇಟಾಗಿದ್ರೂ ಕಷ್ಟ ಇತ್ತಂತೆ. ಅಜ್ಜಿ ಈಗ ನರ್ಸಿಗೆ ಬೈತಿದಾಳೆ.”

ಜಟ್ಟಪ್ಪ ಎದ್ದು ಗುಡಿಯ ಹಿಂದೆ ಹೋಗಿ, ಮುಖ ತೊಳೆದುಕೊಂಡು ಬಂದ.

ಅಷ್ಟರಲ್ಲಿ ಹುಂಚದ ದುರ್ಗೇಶ್ ತನ್ನ ಪಿಕಪ್ಪಿನಲ್ಲಿ ಘಟ್ಟ ಹತ್ತಿ ಬಂದ. ಅವನಿಗೆ ಸ್ಟೇರಿಂಗು ಹಿಡಿಯಲು ಕಲಿಸಿದವನು ಜಟ್ಟಪ್ಪನೇ. ನಡೆದದ್ದು ಕೇಳಿ, ಟೈರು ಮುಟ್ಟಿ ನೋಡಿ ನಾಲಿಗೆ ಕಚ್ಚಿಕೊಂಡ. “ಮಾವ, ನಮ್ಮನೆ ಅಟ್ಟದ ಮೇಲೆ ಇದೇ ಸೈಜಿಂದು ಎರಡು ಅದಾವೆ. ಗೀರು ಫಸ್ಟ್ ಕ್ಲಾಸ್. ಈಗ್ಲೇ ತಂದು ನಾನೇ ಹಾಕ್ಕೊಡ್ತೀನಿ. ನೀವು ಕಾರು ತಿರುಗ್ಸಿದ್ದೂ ಯಾರಿಗೂ ಗೊತ್ತಾಗೂದು ಬ್ಯಾಡ, ಮರ ಬಿದ್ದಿತ್ತು ಅಂತ ಹೇಳ್ತೀನಿ.”

“ಯಾವ ವರ್ಷದ ಟೈರು?”

“ಅದ್ಯಾರಿಗೆ ನೆನಪದೆ ಮಾವ? ಅಪ್ಪಯ್ಯ ಇದ್ದಾಗ ತೆಗ್ದಿಟ್ಟಿದ್ದು.”

ಜಟ್ಟಪ್ಪ ಆಗಲೇ ಜ್ಯಾಕು ಹೊರಗೆ ಎಳೆದಿದ್ದ. ಕಾರಿನಡಿ ಇಡಲು ಕಲ್ಲು ಹುಡುಕುತ್ತ ಹೇಳಿದ:

“ಬ್ಯಾಡ. ಆ ಟೈರು ಅಟ್ಟದ ಮೇಲೇ ಮಲಗಿರ್ಲಿ, ಆ ಸುಳ್ಳೂ ನಿನ್ ಹತ್ರನೇ ಇರ್ಲಿ. ಚಕ್ರ ಎರಡೂ ಬಿಚ್ಚಿ ಬಸ್ಸಿಗೆ ಹಾಕ್ಕಂಡು ಹೊಸನಗರಕ್ಕೆ ಹೋಗ್ತೀನಿ. ಹೊಸ ಟೈರು ಹಾಕ್ಸಿ ತಂದು, ಸಾಗರಕ್ಕೆ ಹೋಗಿ ಆ ಕಂಪ್ಯೂಟ್ರಿನ ಮುಂದೆ ನಿಲ್ಲಿಸ್ತೀನಿ. ಜ್ಯಾಕೂ ನಂದದೆ, ರಟ್ಟೆಯೂ ನಂದದೆ. ನೀ ಹೋಗು ಮಾರಾಯ, ನಿನ್ ಗಾಡಿ ರಸ್ತೆಗೆ ಅಡ್ಡ ನಿಂತದೆ.”