ಗುರುವಾರದ ಆಪಾ
ಗುರುವಾರ ಬಂತೆಂದರೆ ಮದರಸಾದ ಹೆಣ್ಣುಮಕ್ಕಳ ಹಾಸ್ಟೆಲಿಗೆ ಎಲ್ಲರೂ ಆಪಾ, ಅಂದರೆ ಅಕ್ಕ, ಎಂದು ಕರೆಯುವ ನರ್ಸ್ ಬಂದೇ ಬರುತ್ತಾರೆ. ಓರಗೆಯವರ ಕಷ್ಟ ಕೇಳಿ ಧೈರ್ಯ ಹೇಳಲು ದೊಡ್ಡ ಹುಡುಗಿಯರನ್ನು ತಯಾರು ಮಾಡುವುದು ಅವರ ಕೆಲಸ. "ಬುದ್ಧಿ ಆಮೇಲೆ ಹೇಳಿ, ಮೊದಲು ಪೂರ್ತಿ ಕೇಳಿಸ್ಕೊಳ್ರಮ್ಮ" ಎಂದು ಗಂಟಲು ಹರಿಯುವಂತೆ ಕಲಿಸುತ್ತಾರೆ. ಕಲಿಸುವಾಗ ಬೇರೆ ಯಾರಿಗೂ ಮಾತಾಡಲು ಬಿಡುವುದಿಲ್ಲ. ಮುಟ್ಟು, ಮೊಡವೆ, ರಕ್ತಹೀನತೆ ಎಂಬುದನ್ನೆಲ್ಲ ಉಪ್ಪು, ಸಕ್ಕರೆ ಎನ್ನುವಷ್ಟೇ ಸಲೀಸಾಗಿ ಹೇಳಿ, ಬಾಗಿಲಲ್ಲಿ ನಿಂತ ವಾರ್ಡನ್‌ಗೆ ಕೆಮ್ಮು ಬರಿಸುತ್ತಾರೆ. ಕೇಳಲು ನಾಚಿಕೆಯಾದವರು ಚೀಟಿ ಬರೆದು ಮೆಟ್ಟಿಲ ಕೆಳಗಿಟ್ಟ ಬಿಸ್ಕತ್ತಿನ ಡಬ್ಬಿಗೆ ಹಾಕಬೇಕು, ಹೆಸರು ಮಾತ್ರ ಬರೆಯಕೂಡದು. ಈ ನಿಯಮ ಆಪಾ ಮಾಡಿದ್ದೇ. ಒಂದು ಕಾಲಕ್ಕೆ ಅದರ ಬಗ್ಗೆ ಅವರಿಗೆ ಭಾರಿ ಹೆಮ್ಮೆಯಿತ್ತು. ಚೀಟಿಗಳನ್ನೆಲ್ಲ ತೆಗೆದ ಮೇಲೂ ಅವರು ಡಬ್ಬಿಯನ್ನು ಬೋರಲು ಹಾಕಿ ಕುಟ್ಟುತ್ತಾರೆ, ಟಾರ್ಚ್ ಬಿಟ್ಟು ನೋಡುತ್ತಾರೆ, ತಳದಲ್ಲಿ ಬೆರಳಾಡಿಸುತ್ತಾರೆ. "ಆಪಾ, ಬಿಸ್ಕತ್ತು ಹುಡುಕ್ತಿದ್ದೀರಾ?" ಎಂದು ಹುಡುಗಿಯರು ಮುಸಿಮುಸಿ ನಗುತ್ತಾರೆ. ಮೊದಲ ವರ್ಷ ಡಬ್ಬಿಯ ತಳದ ಕಾಗದದಡಿ ಜಾರಿಹೋಗಿದ್ದ ಚೀಟಿಯೊಂದು, ಹುಡುಗಿಯರೆಲ್ಲ ಪರೀಕ್ಷೆ ಮುಗಿಸಿ ಊರಿಗೆ ಹೋದ ಮೇಲೆ ಸಿಕ್ಕಿತ್ತು: "ಇಪ್ಪತ್ತು ದಿನದಿಂದ ರಕ್ತ ನಿಂತಿಲ್ಲ. ನಾನು ಸಾಯ್ತೀನಾ? ಈ ಗುರುವಾರಾನೇ ಹೇಳಿ ಆಪಾ." ಆಪಾ ಹೇಳಿದ ಮಾತು ಪಾಲಿಸಿ ಆ ಹುಡುಗಿ ಹೆಸರು ಬರೆದಿರಲಿಲ್ಲ. ಈಗ ಪ್ರತಿ ವರ್ಷ ಮೊದಲ ಗುರುವಾರ, ಖಾಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಯಾರೂ ಏನೂ ಕೇಳುವ ಮೊದಲೇ ಆಪಾ ಹೇಳುತ್ತಾರೆ: "ಹೆದರ್ಬೇಡ ಕಂದ, ಇದಕ್ಕೆ ಔಷಧ ಇದೆ. ಇವತ್ತೇ ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ." ಯಾರಿಗೆ ಹೇಳುತ್ತಿದ್ದಾರೆಂದು ತಿಳಿಯದೆ ಹೊಸ ಹುಡುಗಿಯರು ಹಿಂದೆ ತಿರುಗಿ ನೋಡುತ್ತಾರೆ.