ಗೇಟಿನಲ್ಲಿ ಬಿಟ್ಟ ಚಪ್ಪಲಿ

ಮಂಡಿ ಆಪರೇಷನ್ ಆಗಿ ಎರಡು ತಿಂಗಳಾದರೂ ಅಮ್ಮ ಹಾಸಿಗೆ ಬಿಟ್ಟರೆ ಸೋಫಾ, ಸೋಫಾ ಬಿಟ್ಟರೆ ಹಾಸಿಗೆ. ನಡೆಯದಿದ್ದರೆ ಮಂಡಿ ಹಾಗೇ ಬಿಗಿದುಕೊಳ್ಳುತ್ತದೆ, ಆಮೇಲೆ ನಮ್ಮ ಕೈಯಲ್ಲಿ ಏನೂ ಇಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ನನಗೆ ಹೆದರಿಕೆ, ಅವಳಿಗೆ ಹಟ.

"ಎಮ್ಮೆ ಇಲ್ಲ, ಹೊಲ ಇಲ್ಲ. ಕೆಲ್ಸ ಇಲ್ದೆ ಯಾಕವ್ವ ಇಂಗೆ ಸುತ್ತೋದು? ನೋಡ್ದೋರು ಏನಂತಾರೆ?"

ಬೆಂಗಳೂರಿನ ಅಂಚಿನ ನಮ್ಮ ಸಿಂಗಾಪುರ ಇನ್ನೂ ಹಳ್ಳಿಯಾಗಿದ್ದಾಗ ಎಮ್ಮೆಗಳ ಹಿಂದೆ ದಿನವಿಡೀ ನಡೆದವಳು ಅವಳು. ವಾಕಿಂಗ್ ಎಂದರೆ ಅವಳ ಪಾಲಿಗೆ ಸೋಮಾರಿಗಳ ಉದ್ಯೋಗ.

ಕೊನೆಗೆ ನನಗೂ ರೇಗಿತು. ಕಾರಲ್ಲೇ ಕೂತು ಕೆರೆ ನೋಡಿಕೊಂಡು ಬರೋಣ ಎಂದು ಸುಳ್ಳು ಹೇಳಿ, ಒಂದು ಬೆಳಗ್ಗೆ ಜಕ್ಕೂರು ಕೆರೆಯ ಗೇಟಿನ ಮುಂದೆ ಇಳಿಸಿದೆ. ನೀರು ಕಂಡಿದ್ದೇ ತಡ, ಅಮ್ಮ ನನ್ನ ಭುಜ ಹಿಡಿದು ಚಪ್ಪಲಿ ಕಳಚಿ ಗೇಟಿನ ಪಕ್ಕ ಜೋಡಿಸಿಟ್ಟಳು.

"ಅಮ್ಮಾ, ಇದೇನ್ ದೇವಸ್ಥಾನನಾ? ಎಲ್ರೂ ಶೂ ಹಾಕ್ಕೊಂಡೇ ಹೋಗ್ತಾರೆ."

"ಗಂಗಮ್ಮ ಇರೋ ಏರಿ ಮೇಲೆ ಚಪ್ಲಿ ಮೆಟ್ಕಂಡು ಓಗ್ತಾರಾ? ನಿಂಗೇನ್ ಬಂತು?"

ಟ್ರ್ಯಾಕ್ ಸೂಟಿನವರು ತಿರುತಿರುಗಿ ನೋಡಿದರು. ನನಗೆ ನಾಚಿಕೆಯಾಯಿತು, ನಿಜ. ಆದರೆ ಅವಳು ಹೆಜ್ಜೆ ಹಾಕುತ್ತಿದ್ದಳು, ನಾನೂ ಪಕ್ಕದಲ್ಲೇ ಹೊರಟೆ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಒಂದು ಹೆಜ್ಜಾರ್ಲೆ ಹಕ್ಕಿ ನಮ್ಮ ತಲೆಯ ಮೇಲಿಂದಲೇ ಇಳಿದು ಬಂತು. ರೆಕ್ಕೆಯ ಸದ್ದು ಕಿವಿಗೆ ಬಡಿಯುವಷ್ಟು ಹತ್ತಿರ. ಕಾಲು ಮುಂದೆ ಚಾಚಿ, ನೀರನ್ನು ಉದ್ದಕ್ಕೆ ಸೀಳಿ, ಚೀಲದ ಕೊಕ್ಕನ್ನು ಎದೆಗೊತ್ತಿಕೊಂಡು ಕೂತಿತು. ಅದೇ ಹೊತ್ತಿಗೆ ಪಕ್ಕದ ಏರೋಡ್ರೋಮಿನಿಂದ ಪುಟ್ಟ ವಿಮಾನವೊಂದು ಎದ್ದು ಹೋಯಿತು. ಅಮ್ಮ ಅತ್ತ ತಿರುಗಲೂ ಇಲ್ಲ.

"ಅಯ್ಯೋ ನಮ್ಮವ್ವ! ಇಷ್ಟ್ ದಪ್ಪಗಿರೋದು ಎಂಗ್ ಮೇಲೇಳ್ತದೆ?"

ಅದು ಮೇಲೇಳುವುದನ್ನು ನೋಡದೆ ಬರುವವಳಲ್ಲ ಅವಳು. ಹಕ್ಕಿ ಜೊಂಡಿನ ಕಡೆ ತೇಲಿದರೆ ನಾವೂ ಅತ್ತ, ನಡುಗಡ್ಡೆಯ ಕಡೆ ಹೋದರೆ ನಾವೂ ಅತ್ತ. ಕೊನೆಗೆ ಅದು ಎದ್ದಿತು. ನೀರಿನ ಮೇಲೆ ಧಡಧಡ ಓಡಿ, ಇನ್ನೇನು ಆಗುವುದಿಲ್ಲ ಎನ್ನುವಾಗ ಎದ್ದು, ತಣಿಸಂದ್ರದ ಕಡೆಯ ಅಪಾರ್ಟ್‌ಮೆಂಟುಗಳಿಗಿಂತ ಮೇಲೆ ಹೋಗಿ ಬೆಳ್ಳಗೆ ತಿರುಗಿತು. ಇದೇ ಏರಿಯ ಮೇಲೆ ವರ್ಷಗಟ್ಟಲೆ ಫೋನಿನಲ್ಲಿ ಹೆಜ್ಜೆ ಎಣಿಸುತ್ತಾ ಓಡಾಡಿದ್ದೇನೆ, ಒಂದು ಸಲವೂ ತಲೆ ಎತ್ತಿರಲಿಲ್ಲ. ಪಕ್ಕದಲ್ಲಿ ಅಮ್ಮ ಕೈಮುಗಿದು ನಿಂತಿದ್ದಳು.

ತಿರುಗಿ ನೋಡಿದರೆ ಗೇಟು ಎಲ್ಲೋ ದೂರದಲ್ಲಿತ್ತು. ಅಮ್ಮ ಮಂಡಿ ಒತ್ತಿಕೊಂಡು ನನ್ನನ್ನು ದುರುಗುಟ್ಟಿ ನೋಡಿದಳು. ನಾನು ಕಳ್ಳಿಯ ಹಾಗೆ ನೀರಿನ ಕಡೆ ನೋಡಿದೆ.

"ಚಪ್ಲಿ ಅಲ್ಲೈತಲ್ಲ, ನಡಿ" ಎಂದಳು. ಮೂರು ಕಡೆ ಕೂತು, ನರಳಿ, ನನ್ನನ್ನು ಬೈದು, ನಡೆದೇ ಬಂದಳು.

ಮರುದಿನ ಮಲಗಿದ್ದ ನನ್ನನ್ನು ಯಾರೋ ಅಲುಗಾಡಿಸಿದರು. ಕಣ್ಣು ಬಿಟ್ಟರೆ ಅಮ್ಮ, ತಲೆ ಬಾಚಿಕೊಂಡು, ಬರಿಗಾಲಲ್ಲಿ.

"ಏಳವ್ವ, ಒತ್ತಾಯ್ತು. ಕೆಲ್ಸ ಐತೆ."