ಬ್ರೆಡ್ ಲಾರಿಯ ಸಿಪಾಯಿ

ಪಕ್ಕದ ಮನೆಯ ಮುದುಕರ ಎಡಗಿವಿಗೆ ಮೇಲಂಚು ಇರಲಿಲ್ಲ. ಯಾರೋ ಕತ್ತರಿಯಿಂದ ಸಣ್ಣಗೆ ಕತ್ತರಿಸಿ ತೆಗೆದ ಹಾಗೆ, ಆ ಜಾಗದಲ್ಲಿ ಚರ್ಮ ಬಿಳಿಚಿ ನುಣ್ಣಗಾಗಿತ್ತು. ಯುದ್ಧದಲ್ಲಿ ಗುಂಡು ತಗುಲಿರಬೇಕೆಂದು ನಮ್ಮ ಬೀದಿಯವರು ನಂಬಿದ್ದರು. ಅವರು ಅಮೆರಿಕದ ಸೈನ್ಯದಲ್ಲಿದ್ದವರೆಂದು ಎಲ್ಲರಿಗೂ ಗೊತ್ತಿತ್ತು. ಒಮ್ಮೆ ನಾನೇ ಕೇಳಿದೆ. ಗುಂಡೂ ಇಲ್ಲ, ಯುದ್ಧವೂ ಇಲ್ಲ ಎಂದರು. ಅವರು ಜರ್ಮನಿಗೆ ಹೋಗುವಷ್ಟರಲ್ಲಿ ಎರಡನೇ ಮಹಾಯುದ್ಧ ಮುಗಿದು ಆರೇಳು ವರ್ಷವಾಗಿತ್ತಂತೆ. ಓಡಿಸುತ್ತಿದ್ದ ಲಾರಿಯ ಎಡಬಾಗಿಲಿಗೆ ಗಾಜಿರಲಿಲ್ಲ. ಒಂದು ಚಳಿಗಾಲ ಪೂರ್ತಿ ಗಾಳಿ ಆ ಕಿವಿಗೇ ಹೊಡೆಯಿತು. ತುದಿ ಮೊದಲು ಮರಗಟ್ಟಿತು, ಆಮೇಲೆ ಕಪ್ಪಾಯಿತು, ಕೊನೆಗೆ ಡಾಕ್ಟರು ತೆಗೆದುಹಾಕಿದರು.

ನ್ಯೂಜೆರ್ಸಿಯ ಪಿಸ್ಕಾಟವೇಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಸಣ್ಣ ಹುಲ್ಲಿನ ಪಟ್ಟಿ. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಒಬ್ಬಳೇ ಮಗಳು ದೂರದ ಆರಿಝೋನಾದಲ್ಲಿ. ಸೈನ್ಯದಿಂದ ಬಂದ ಮೇಲೆ ಅವರು ನಲವತ್ತು ವರ್ಷ ಮ್ಯಾನ್‌ಹಟನ್‌ಗೆ ಹೋಗುವ ಕಮ್ಯೂಟರ್ ಬಸ್ಸು ಓಡಿಸಿದವರು. ನನ್ನ ಹೆಸರು ಅವರ ಬಾಯಲ್ಲಿ ಒಂದೊಂದು ದಿನ ಒಂದೊಂದು ರೂಪ ಪಡೆಯುತ್ತಿತ್ತು. ಕೊನೆಗೆ ಅದನ್ನು ಬಿಟ್ಟುಬಿಟ್ಟು 'ನೇಬರ್' ಎಂದೇ ಕರೆಯತೊಡಗಿದರು. ನಾನು ಅವರನ್ನು ಸರ್ ಎನ್ನುತ್ತಿದ್ದೆ. ಮನೆಯೊಳಗೆ ನಮಗೆ ಅವರು ಪಕ್ಕದ್ಮನೆ ತಾತ. ನಾವು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲಿ. ನನ್ನ ನೆನಪಿನಲ್ಲಿ ಅದು ಯಾವಾಗಲೋ ಕನ್ನಡವಾಗಿಬಿಟ್ಟಿದೆ.

ಒಂದು ಜನವರಿಯ ಬೆಳಿಗ್ಗೆ ನನ್ನ ಗಂಡ ಡ್ರೈವ್‌ವೇಯಲ್ಲಿ ಸ್ನೋ ಎತ್ತಿ ಹಾಕುತ್ತಿದ್ದವರು ಸಲಿಕೆಯ ಮೇಲೇ ಕುಸಿದರು. ನಾನು ಒಳಗೆ ಮಗಳ ಲಂಚ್ ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದೆ. ಕಿಟಕಿಯಿಂದ ನೋಡಿದವರು ತಾತ. ನಾನು ಹೊರಗೆ ಬಂದಾಗ ಅವರು ಮನೆಯೊಳಗೆ ಹಾಕುವ ಚಪ್ಪಲಿಯಲ್ಲೇ ಸ್ನೋದಲ್ಲಿ ಮಂಡಿಯೂರಿ ನನ್ನ ಗಂಡನ ಎದೆ ಒತ್ತುತ್ತಿದ್ದರು, ಸಣ್ಣ ದನಿಯಲ್ಲಿ ಎಣಿಸುತ್ತಿದ್ದರು. ಆಗ ಅವರಿಗೆ ಎಂಬತ್ತನಾಲ್ಕು. ಆಂಬ್ಯುಲೆನ್ಸ್ ಬರುವವರೆಗೂ ನಿಲ್ಲಿಸಲಿಲ್ಲ. ಪ್ರಯೋಜನವಾಗಲಿಲ್ಲ.

ಆಮೇಲೆ ನನಗೆ ಅಳು ಬರಲಿಲ್ಲ. ಮೈಸೂರಿನಿಂದ ಅಣ್ಣ ಬಂದು ಮೂರು ವಾರ ಇದ್ದು ಹೋದ. ಕನ್ನಡ ಕೂಟದವರು ಸರದಿಯ ಮೇಲೆ ಊಟ ತಂದುಕೊಟ್ಟರು. ಪಾತ್ರೆಗಳನ್ನು ತೊಳೆದು, ಯಾರದ್ದು ಯಾವುದೆಂದು ಚೀಟಿ ಅಂಟಿಸಿ ವಾಪಸು ಕೊಟ್ಟೆ. ಹತ್ತು ವರ್ಷದ ಮಗಳು ಏನು ಕೇಳಿದರೂ "ಐಯಾಮ್ ಫೈನ್, ಅಮ್ಮ" ಅನ್ನುತ್ತಿದ್ದಳು. ನಾನೂ ಅದನ್ನೇ ಎಲ್ಲರಿಗೂ ಹೇಳುತ್ತಿದ್ದೆ. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ತುಟಿಯನ್ನು ಮುಟ್ಟಿದರೆ ಬೇರೆಯವರ ತುಟಿ ಮುಟ್ಟಿದಂತಾಗುತ್ತದಲ್ಲ, ನನಗೆ ಇಡೀ ದಿನ ಹಾಗಿರುತ್ತಿತ್ತು. ಸ್ನೋ ಬಿದ್ದ ದಿನ ನಾನು ಏಳುವಷ್ಟರಲ್ಲಿ ನಮ್ಮ ಡ್ರೈವ್‌ವೇ ಕ್ಲೀನ್ ಆಗಿರುತ್ತಿತ್ತು. ಯಾರು ಮಾಡಿದರೆಂದು ಗೊತ್ತಿತ್ತು. ಥ್ಯಾಂಕ್ಸ್ ಹೇಳಲು ಕೂಡ ಹೋಗಲಿಲ್ಲ.

ಗ್ರೀನ್ ಕಾರ್ಡ್ ಹಿಂದಿನ ವರ್ಷವೇ ಬಂದಿದ್ದರಿಂದ ದೇಶ ಬಿಡಬೇಕಾಗಿರಲಿಲ್ಲ. ಆದರೆ ಕೆಲಸ ಬೇಕಿತ್ತು. ಮದುವೆಗೆ ಮುಂಚೆ ಔಷಧಿ ಲ್ಯಾಬಿನಲ್ಲಿ ದುಡಿದಿದ್ದ ಅನುಭವ ನೋಡಿ ಪ್ರಿನ್ಸ್‌ಟನ್ ಹತ್ತಿರದ ಒಂದು ಲ್ಯಾಬಿನವರು ಕರೆದರು, ಜೂನ್‌ನಲ್ಲಿ ಸೇರಿಕೊಳ್ಳಿ ಎಂದರು. ಅಲ್ಲಿಗೆ ಬಸ್ಸಿಲ್ಲ, ಟ್ರೈನ್ ಇಳಿದರೂ ಆರು ಮೈಲಿ. ನನಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಇಲ್ಲಿಗೆ ಬಂದ ಎಂಟು ವರ್ಷವನ್ನೂ ಗಂಡನ ಪಕ್ಕದ ಸೀಟಿನಲ್ಲಿ ಕೂತೇ ಕಳೆದಿದ್ದೆ.

ಮಾರ್ಚ್ ತಿಂಗಳ ಒಂದು ಶನಿವಾರ ತಾತ ಬಾಗಿಲು ತಟ್ಟಿದರು. ಸಾಂತ್ವನದ ಮಾತು ಒಂದೂ ಇಲ್ಲ. ನಿಂತ ಕಾರಿನ ಬ್ಯಾಟರಿ ಕೆಡುತ್ತದೆ, ಕೀ ಕೊಟ್ಟರೆ ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿಡುತ್ತೇನೆ ಎಂದರು. ಕೀ ಕೊಟ್ಟೆ. ಮೂರನೆಯ ವಾರ ಕೀ ಹಿಂತಿರುಗಿಸುತ್ತಾ, ನೀನೇ ಸ್ಟಾರ್ಟ್ ಮಾಡೋದು ವಾಸಿ, ಲರ್ನರ್ ಪರ್ಮಿಟ್ ತಗೋ, ನಾನು ಪಕ್ಕದಲ್ಲಿ ಕೂರ್ತೀನಿ ಎಂದರು.

ಹುಬ್ಬಳ್ಳಿಯ ಗೆಳತಿಯೊಬ್ಬಳು ನನ್ನನ್ನು ವಾರಕ್ಕೊಮ್ಮೆ ಅಂಗಡಿಗೆ ಕರೆದುಕೊಂಡು ಹೋಗುತ್ತಿದ್ದಳು. ವಿಷಯ ಕೇಳಿ ಅವಳಿಗೆ ಗಾಬರಿಯಾಯಿತು.

"ಆ ಅಜ್ಜನ ಕೂಡ ಗಾಡಿ ಕಲೀಲಿಕ್ಕೆ ಹೊಂಟೀಯೇನು? ಅಂವಗ ಎಂಬತ್ತರ ಮ್ಯಾಲ ಆಗ್ಯಾವ. ಡ್ರೈವಿಂಗ್ ಸ್ಕೂಲ್ ಅದಾವಲ್ಲ."

ಅವರು ಜಾಸ್ತಿ ಮಾತಾಡಲ್ಲ, ಅದಕ್ಕೇ ಎಂದೆ. ನಿಜವಾದ ಕಾರಣ ಅದೇ ಆಗಿತ್ತು.

ಭಾನುವಾರ ಬೆಳಿಗ್ಗೆ ಯೂನಿವರ್ಸಿಟಿಯ ದೊಡ್ಡ ಪಾರ್ಕಿಂಗ್ ಲಾಟ್ ಖಾಲಿ ಇರುತ್ತಿತ್ತು. ಅಲ್ಲೇ ನಮ್ಮ ಪಾಠ. ಹತ್ತುವ ಮೊದಲು ಕಾರಿನ ಸುತ್ತ ಒಂದು ಸುತ್ತು ಹಾಕಬೇಕು, ನಾಲ್ಕೂ ಟೈರು ನೋಡಬೇಕು, ಬಗ್ಗಿ ಅಡಿಯಲ್ಲಿ ನೋಡಬೇಕು. ಅವರೂ ಒಂದು ಕೈಯನ್ನು ಬಾನೆಟ್ ಮೇಲಿಟ್ಟುಕೊಂಡು ಕಷ್ಟಪಟ್ಟು ಬಗ್ಗುತ್ತಿದ್ದರು. ಸೈನ್ಯದ ಶಿಸ್ತು ಎಂದುಕೊಂಡಿದ್ದೆ. ನಾನು ಜೋರಾಗಿ ಹೋದರೆ 'ಲಾಂಗ್ಸಾಮ್' ಎನ್ನುತ್ತಿದ್ದರು. ಜರ್ಮನ್ ಭಾಷೆಯಲ್ಲಿ ನಿಧಾನ ಎಂದರ್ಥ. ಸೈನ್ಯ ಸೇರುವವರೆಗೆ ಅವರಿಗೂ ಗಾಡಿ ಓಡಿಸಲು ಬರುತ್ತಿರಲಿಲ್ಲವಂತೆ. ನುವಾರ್ಕ್ ಪೇಟೆಯಲ್ಲಿ ಬೆಳೆದವರು, ಟ್ರಾಮಿನಲ್ಲಿ ಓಡಾಡಿದವರು. ಜರ್ಮನಿಯಲ್ಲಿ ಸೈನ್ಯದ ಲಾರಿಗಳನ್ನು ರಿಪೇರಿ ಮಾಡುತ್ತಿದ್ದ ಒಬ್ಬ ಜರ್ಮನ್ ಮೆಕ್ಯಾನಿಕ್ ಅವರಿಗೆ ಮಂಜುಗಡ್ಡೆಯ ಮೇಲೆ ಲಾರಿ ಓಡಿಸುವುದನ್ನು ಕಲಿಸಿದ. ಅವನು ಎದುರು ಪಕ್ಷದಲ್ಲಿ ಯುದ್ಧ ಮಾಡಿದವನು, ಕೈಯ ಎರಡು ಬೆರಳು ಕಳೆದುಕೊಂಡವನು. ಆ ವಿಷಯ ಇಬ್ಬರೂ ಒಮ್ಮೆಯೂ ಎತ್ತಲಿಲ್ಲ.

ಪಾಠ ಮುಗಿದ ಮೇಲೆ ನಮ್ಮ ಮನೆಯಲ್ಲಿ ಉಪ್ಪಿಟ್ಟು. ಮೊದಲ ಸಲ ಬಾಯಿಗಿಟ್ಟುಕೊಂಡಾಗ, ಇದನ್ನೇ ಸೈನ್ಯದಲ್ಲಿ ಬೆಳಿಗ್ಗೆ ಗಂಜಿ ಮಾಡಿ ಕೊಡುತ್ತಿದ್ದರು, ಇದಕ್ಕೆ ರುಚಿ ಇದೆ ಅಂದರು. ಅಂಥ ಮಾತುಗಳ ಬಾಲ ಹಿಡಿದೇ ಆ ದಿನಗಳು ಸ್ವಲ್ಪಸ್ವಲ್ಪ ಹೊರಬಂದವು. ಅವರ ಜೊತೆ ತರಬೇತಿ ಪಡೆದವರಲ್ಲಿ ಅರ್ಧ ಜನ ಕೊರಿಯಾದ ಯುದ್ಧಕ್ಕೆ ಹೋದರು, ಉಳಿದರ್ಧ ಜರ್ಮನಿಗೆ. ಪಟ್ಟಿಯಲ್ಲಿ ಹೆಸರು ಎಲ್ಲಿ ಬಂತು ಅನ್ನುವುದಷ್ಟೇ. ಅವರ ಪಾಲಿಗೆ ಬಂದದ್ದು ಬ್ರೆಡ್ ಲಾರಿ. ಬೆಳಿಗ್ಗೆ ಸೈನ್ಯದ ಬೇಕರಿಯಲ್ಲಿ ಬಿಸಿ ಬ್ರೆಡ್ ತುಂಬಿಕೊಂಡು ಐದು ಠಾಣ್ಯಗಳಿಗೆ ಕೊಟ್ಟು ಬರುವುದು. ಮಧ್ಯಾಹ್ನ ಲಾರಿ ತೊಳೆಯುವುದು. ಸಂಜೆ ಇಸ್ಪೀಟು, ಮನೆಗೆ ಕಾಗದ. ಊರಿನ ಒಬ್ಬ ಹೆಂಗಸು ಸೋಪು ಮತ್ತು ಕಾಫಿಪುಡಿಗೆ ಬದಲಾಗಿ ಅವರ ಬಟ್ಟೆ ಒಗೆದುಕೊಡುತ್ತಿದ್ದಳು. ಹೇಳದಿದ್ದರೂ ಕಾಲುಚೀಲದ ತೂತುಗಳಿಗೆ ಹೊಲಿಗೆ ಹಾಕಿರುತ್ತಿದ್ದಳು. ಯುದ್ಧದಲ್ಲಿ ಬಿದ್ದ ಕಟ್ಟಡಗಳ ಇಟ್ಟಿಗೆಗೆ ಅಂಟಿದ ಗಾರೆಯನ್ನು ಹೆಂಗಸರು ಸುತ್ತಿಗೆಯಿಂದ ಉದುರಿಸಿ ಸಾಲಾಗಿ ಜೋಡಿಸಿಡುತ್ತಿದ್ದರು. ಅವರು ಗೋಡೆ ಕಟ್ಟುತ್ತಿದ್ದಾರೆ ಎಂದೇ ತಾತ ಎಷ್ಟೋ ದಿನ ತಿಳಿದಿದ್ದರಂತೆ.

ಏಪ್ರಿಲ್‌ನ ಒಂದು ಭಾನುವಾರ ಲಾಟ್‌ನಲ್ಲಿ ಬಾತುಗಳ ಹಿಂಡು ಇತ್ತು. ಇಲ್ಲಿ ವಸಂತದಲ್ಲಿ ಎಲ್ಲೆಲ್ಲೂ ಕಾಣುವ, ಉದ್ದ ಕಪ್ಪು ಕತ್ತಿನ ದೊಡ್ಡ ಬಾತುಗಳು. ಒಂದು ಬಾತು ಸರಿಯಾಗಿ ನನ್ನ ಕಾರಿನ ಮುಂದೆ ನಿಂತಿತು. ನನಗೆ ಅದು ಕಾಣುತ್ತಿತ್ತು. ಬ್ರೇಕ್ ಒತ್ತಬೇಕೆಂದೂ ಗೊತ್ತಿತ್ತು. ಕಾಲು ಅಲ್ಲಾಡಲಿಲ್ಲ. ತಾತ ನಡುವಿನ ಹ್ಯಾಂಡ್‌ಬ್ರೇಕ್ ಎಳೆದರು. ಕಾರು ಜಗ್ಗಿ ನಿಂತಿತು. ಬಾತು ನಮ್ಮನ್ನು ನೋಡಿ, ಅವಸರವಿಲ್ಲದೆ ನಡೆದುಹೋಯಿತು.

ಎಂಜಿನ್ ಆಫ್ ಮಾಡು ಎಂದರು. ಮಾಡಿದೆ. ಅವರು ಬೈಯಲಿಲ್ಲ. ನಾನೇ ಮಾತಾಡಿದೆ.

"ನನಗೆ ಹೆದರಿಕೆ ಕೂಡ ಆಗಲಿಲ್ಲ, ಸರ್. ಅವರು ಹೋಗಿ ಮೂರು ತಿಂಗಳಾಯ್ತು, ನಾನು ಒಂದು ಸಲಾನೂ ಅತ್ತಿಲ್ಲ. ನನ್ನೊಳಗೆ ಏನೋ ಕೆಟ್ಟುಹೋಗಿದೆ."

ಅವರು ಮುಂದಿನ ಗಾಜನ್ನೇ ನೋಡುತ್ತಾ ಜರ್ಮನಿಯ ಒಂದು ದಿನದ ವಿಷಯ ಹೇಳಿದರು. ಹೇಳುವಾಗ ದನಿ ಏರಲಿಲ್ಲ, ಇಳಿಯಲಿಲ್ಲ. ಬಸ್ಸಿನ ನಿಲ್ದಾಣಗಳನ್ನು ಹೇಳಿದಂತಿತ್ತು.

ಅಲ್ಲಿನ ಮೊದಲ ಚಳಿಗಾಲ. ಮೂರನೆಯ ಠಾಣ್ಯದ ಅಂಗಳದಲ್ಲಿ ಬ್ರೆಡ್ ಇಳಿಸಿ, ಒಳಗೆ ಹೋಗಿ ಕಾಫಿ ಕುಡಿದು ಬಂದರು. ಹತ್ತಿ ಲಾರಿಯನ್ನು ಹಿಂದಕ್ಕೆ ತೆಗೆದರು. ಎಂಜಿನ್ನಿನ ಬಿಸಿಗೆಂದು ಒಬ್ಬ ಮನುಷ್ಯ ಲಾರಿಯ ಅಡಿಯಲ್ಲಿ ಮಲಗಿದ್ದ. ಆ ಅಂಗಳದ ಕಲ್ಲಿದ್ದಲ ಪುಡಿ ಗುಡಿಸಿಕೊಂಡು ಹೋಗಲು ಬರುತ್ತಿದ್ದ, ಐವತ್ತು ದಾಟಿದವನು. ಆಸ್ಪತ್ರೆಗೆ ಒಯ್ಯುವ ಪ್ರಸಂಗವೇ ಬರಲಿಲ್ಲ.

"ಒಂದು ಹಾಳೆಯಲ್ಲಿ ಹೇಳಿಕೆ ಬರೆಸಿಕೊಂಡರು, ಸಹಿ ಹಾಕಿದೆ. ತಪ್ಪು ನಿನ್ನದಲ್ಲ ಅಂದರು. ಮಾರನೇ ದಿನ ಸಾರ್ಜೆಂಟ್ ಅದೇ ಲಾರಿಯ ಕೀ ಕೊಟ್ಟ. ನನಗೆ ಏನೂ ಅನ್ನಿಸಲಿಲ್ಲ, ನೇಬರ್. ಬ್ರೆಡ್ ತುಂಬಿಕೊಂಡು ಹೊರಟೆ. ಆಗ ನನಗೆ ಇಪ್ಪತ್ತು ವರ್ಷ."

ಸತ್ತವನ ಹೆಂಡತಿ ಅದೇ ರಸ್ತೆಯಲ್ಲಿದ್ದಾಳೆಂದು ಗೇಟಿನ ಕಾವಲಿನವನು ಮನೆ ತೋರಿಸಿದ್ದ. ಹಸಿರು ಬಾಗಿಲು, ಅರ್ಧ ಸೂರಿಗೆ ತಗಡು. ಆಮೇಲೆ ಒಂದು ವರ್ಷ, ದಿನಕ್ಕೆರಡು ಸಲ, ತಾತ ಆ ಮನೆಯ ಮುಂದೆಯೇ ಹೋದರು. ಹೋಗುವಾಗ ಲಾರಿಯ ಹಿಂಭಾಗದಲ್ಲಿ ಬ್ರೆಡ್ ಇರುತ್ತಿತ್ತು.

"ಒಂದು ದಿನಾನೂ ಲಾರಿ ನಿಲ್ಲಿಸಲಿಲ್ಲ," ಎಂದರು.

ಆಮೇಲೆ ಯಾವಾಗ ಅನ್ನಿಸಿತು ಎಂದು ಕೇಳಿದೆ. ನನಗೆ ಆ ಉತ್ತರ ಬೇಕಿತ್ತು.

"ಗೊತ್ತಿಲ್ಲ. ಬರುತ್ತೆ ಅಂತ ಕಾಯ್ತಾ ಇದ್ದೆ. ನಡುವೆ ಮದುವೆ ಆಯ್ತು, ಮಗಳು ಹುಟ್ಟಿದಳು, ಬಸ್ ಓಡಿಸಿದೆ. ಹೆಂಡತಿಗೂ ಹೇಳಲಿಲ್ಲ. ನಿನಗೆ ಬರಬಹುದು. ಬರದಿದ್ದರೂ ಮಗೂನ ಸ್ಕೂಲಿಗೆ ಬಿಡಬೇಕು. ಸ್ಟಾರ್ಟ್ ಮಾಡು."

ಸ್ಟಾರ್ಟ್ ಮಾಡಿದೆ. ಲಾಟ್‌ನಲ್ಲಿ ಇನ್ನೂ ನಾಲ್ಕು ಸುತ್ತು ಹಾಕಿದೆವು. ಆ ಮಾರ್ಚ್‌ನಲ್ಲಿ ನಮ್ಮ ಬಾಗಿಲು ಯಾಕೆ ತಟ್ಟಿದಿರಿ ಎಂದು ನಾನು ಅವರನ್ನು ಯಾವತ್ತೂ ಕೇಳಲಿಲ್ಲ.

ಟೆಸ್ಟಿನಲ್ಲಿ ಮೊದಲ ಸಲ ಫೇಲಾದೆ, ಎರಡನೆಯ ಸಲ ಪಾಸಾದೆ. ಕೆಲಸಕ್ಕೆ ಸೇರುವ ಹಿಂದಿನ ವಾರ ತಾತ ನನ್ನನ್ನು ರೂಟ್ ಒನ್ ಹೆದ್ದಾರಿಯ ಮೇಲೆ ಮೂರು ಸಲ ಪ್ರಿನ್ಸ್‌ಟನ್‌ವರೆಗೆ ಓಡಿಸಿದರು. ಎಡಕ್ಕೆ ತಿರುಗಬೇಕಾದರೆ ಮೊದಲು ಬಲಕ್ಕೆ ಹೋಗಿ ಸುತ್ತಿ ಬರಬೇಕಾದ ನ್ಯೂಜೆರ್ಸಿಯ ವಿಚಿತ್ರ ತಿರುವುಗಳನ್ನೆಲ್ಲ ಬಾಯಿಪಾಠ ಮಾಡಿಸಿದರು. ಕೆಲಸದ ಮೊದಲ ದಿನ ಸಂಜೆ ಕಾರು ನಿಲ್ಲಿಸಿದಾಗ ಅವರು ತಮ್ಮ ಮೆಟ್ಟಿಲ ಮೇಲೆ ಕೂತಿದ್ದರು. ಎದ್ದು ಒಳಗೆ ಹೋದರು.

ಎರಡು ವರ್ಷದ ಮೇಲೆ ಒಮ್ಮೆ, ಲ್ಯಾಬಿನ ಪಾರ್ಕಿಂಗ್‌ನಲ್ಲಿ, ಯಾವ ಕಾರಣವೂ ಇಲ್ಲದೆ ನನಗೆ ಅಳು ಬಂತು. ಅರ್ಧ ಗಂಟೆ ಸೀಟಿನಲ್ಲೇ ಕೂತಿದ್ದೆ. ಅದನ್ನು ತಾತನಿಗೆ ಹೇಳಿದಾಗ ತಲೆಯಾಡಿಸಿದರು. ಅವರ ಮುಖದಲ್ಲಿ ಕಂಡದ್ದು ಸಂತೋಷವೋ ಅಸೂಯೆಯೋ ತಿಳಿಯಲಿಲ್ಲ.

ಎಂಬತ್ತೊಂಬತ್ತಕ್ಕೆ ಕಣ್ಣು ಮಂಜಾಗಿ ಅವರೇ ಲೈಸೆನ್ಸ್ ಬಿಟ್ಟುಕೊಟ್ಟರು. ಆಮೇಲೆ ಡಾಕ್ಟರ ಹತ್ತಿರ, ಅಂಗಡಿಗೆ, ಕ್ಷೌರಕ್ಕೆ ನಾನೇ ಕರೆದುಕೊಂಡು ಹೋಗುತ್ತಿದ್ದೆ. ಬೆಲ್ಟ್ ಹಾಕಿಕೊಂಡು ಕೈಗಳನ್ನು ತೊಡೆಯ ಮೇಲಿಟ್ಟು ಕೂರುತ್ತಿದ್ದರು. ನನ್ನ ಡ್ರೈವಿಂಗ್ ಬಗ್ಗೆ ಒಳ್ಳೆಯದನ್ನೂ ಹೇಳಲಿಲ್ಲ, ಕೆಟ್ಟದ್ದನ್ನೂ ಹೇಳಲಿಲ್ಲ. ಹೋದ ನವೆಂಬರ್‌ನಲ್ಲಿ ನ್ಯುಮೋನಿಯಾ ಆಯಿತು. ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದರು. ಕೊನೆಯ ದಿನ ನಾನು ಹೋದಾಗ ನಿದ್ದೆಯಲ್ಲಿದ್ದರು, ಹಾಗೆಯೇ ಹೋದರು.

ಅಂತ್ಯಕ್ರಿಯೆಗೆ ಸೈನ್ಯದಿಂದ ಇಬ್ಬರು ಬಂದಿದ್ದರು. ಅವರಲ್ಲಿ ಒಬ್ಬಳಿಗೆ ನನ್ನ ಮಗಳದೇ ವಯಸ್ಸು, ಹತ್ತೊಂಬತ್ತೋ ಇಪ್ಪತ್ತೋ. ಶವಪೆಟ್ಟಿಗೆಗೆ ಹೊದಿಸಿದ್ದ ಧ್ವಜವನ್ನು ತ್ರಿಕೋನವಾಗಿ ಮಡಿಸಿ ತಾತನ ಮಗಳ ಕೈಗಿತ್ತರು. ಮಾರನೆಯ ದಿನ ಆಕೆಯನ್ನು ನುವಾರ್ಕ್ ಏರ್‌ಪೋರ್ಟಿಗೆ ಬಿಡಲು ನಾನೇ ಹೋದೆ. ಧ್ವಜವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಆಕೆಗೂ ಅರವತ್ತು ದಾಟಿದೆ. ದಾರಿಯಲ್ಲಿ ಕೇಳಿದಳು.

"ಅಪ್ಪ ನಮ್ಮ ಹತ್ತಿರ ಜರ್ಮನಿ ಅಂದರೆ ಮಾತೇ ನಿಲ್ಲಿಸಿಬಿಡ್ತಿದ್ದರು. ನಿಮಗೆ ಏನಾದರೂ ಹೇಳಿದ್ದಾರಾ?"

ಹೇಳಿದೆ. ಬೇಕರಿ, ಐದು ಠಾಣ್ಯ, ಎರಡು ಬೆರಳಿಲ್ಲದ ಮೆಕ್ಯಾನಿಕ್, ಇಟ್ಟಿಗೆ ಜೋಡಿಸುವ ಹೆಂಗಸರು. ಕಾಲುಚೀಲ ಹೊಲಿದುಕೊಡುತ್ತಿದ್ದವಳ ವಿಷಯ ಬಂದಾಗ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಇನ್ನೇನಾದರೂ ಇತ್ತಾ ಎಂದಳು. ನಾನು ಕನ್ನಡಿ ನೋಡಿ ಲೇನ್ ಬದಲಾಯಿಸಿದೆ.

"ಅಷ್ಟೇ," ಎಂದೆ.

ಯಾರಿಗೂ ಹೇಳಬೇಡ ಎಂದು ತಾತ ನನ್ನಿಂದ ಮಾತು ತೆಗೆದುಕೊಂಡಿರಲಿಲ್ಲ. ಹೇಳು ಎಂದೂ ಅಂದಿರಲಿಲ್ಲ. ಮಾಡಿದ್ದು ಸರಿಯೋ ತಪ್ಪೋ ಎಂದು ಆರು ತಿಂಗಳಿನಿಂದ ಯೋಚಿಸುತ್ತಿದ್ದೇನೆ. ಅದಕ್ಕೇ ಇದನ್ನು ಕನ್ನಡದಲ್ಲಿ ಬರೆದೆ. ಅವರ ಮಗಳಿಗೆ ಈ ಅಕ್ಷರ ಬಾರದು. ನನ್ನ ಮಗಳಿಗೂ ಮಾತಷ್ಟೇ ಬರುತ್ತದೆ, ಓದು ಬಾರದು. ಲಾರಿಯ ಅಡಿಯಲ್ಲಿ ಮಲಗಿದ್ದವನ ಹೆಸರು ತಾತನಿಗೂ ಗೊತ್ತಿರಲಿಲ್ಲ. ಅಂಥವನೊಬ್ಬ ಇದ್ದನೆಂದು, ಅವನನ್ನು ಒಬ್ಬರು ಎಪ್ಪತ್ತು ವರ್ಷ ಮರೆಯಲಿಲ್ಲವೆಂದು ತಿಳಿದವಳು ಈ ಊರಲ್ಲಿ ನಾನೊಬ್ಬಳೇ ಉಳಿದಿದ್ದೆ. ಈಗ ನಿಮಗೂ ಗೊತ್ತು.